ಹಳೇ ಕೊಡೆ

"ಇದಕ್ಕೆ ಈ ಚಾಳಿ ಕಲಿಸಿದೋರು ಯಾರು?"

ಮೇಷ್ಟ್ರು ಕೇಳಿದ್ದು ಯಾರನ್ನೂ ಅಲ್ಲ. ಅವನ ಕಣ್ಣು ಪರದೆಯ ಮೇಲೂ ಇರಲಿಲ್ಲ. ಕಿಟಕಿಯಾಚೆ, ಎದುರಿನ ಬಸ್ ನಿಲ್ದಾಣದಲ್ಲಿ ಒಬ್ಬರೂ ಹತ್ತದೆ ಒಬ್ಬರೂ ಇಳಿಯದೆ ಸುಮ್ಮನೆ ನಿಂತಿದ್ದ ಬಸ್ಸಿನ ಮೇಲಿತ್ತು. ಆದರೂ ಎರಡು ಮೇಜಿನಾಚೆ ಕೂತಿದ್ದ ಅವಳು, ಯಾರೋ ಹಿಂದಿನಿಂದ ಬಂದು ಹೆಗಲ ಮೇಲೆ ಕೈಯಿಟ್ಟರೆಂಬಂತೆ ಬೆಚ್ಚಿ, ಆಗಷ್ಟೇ ಸಡಿಲಿಸಿದ್ದ ಊಟದ ಡಬ್ಬಿಯ ಮುಚ್ಚಳವನ್ನು ಮತ್ತೆ ಒತ್ತಿ ಮುಚ್ಚಿದಳು. ಕೆಳಗಡೆ ಹೊಲಿಗೆ ಯಂತ್ರ ಮಾರುವ ಅಂಗಡಿ. ಕೊಳ್ಳುವವರು ಬಂದಾಗಲೆಲ್ಲ ಅಂಗಡಿಯವನು ಬರೀ ಬಟ್ಟೆಯ ತುಂಡಿನ ಮೇಲೆ ಯಂತ್ರ ಓಡಿಸಿ ತೋರಿಸುತ್ತಿದ್ದ. ಆ ಟಕಟಕ ಈ ಕೋಣೆಯ ನೆಲದೊಳಗಿಂದ ಕಾಲಿಗೆ ಹತ್ತುತ್ತಿತ್ತು. ಈಗ ಆ ಸದ್ದೂ ನಿಂತಿದ್ದರಿಂದ ಮೇಷ್ಟರ ಪ್ರಶ್ನೆ ಕೋಣೆಯಲ್ಲಿ ಒಂಟಿಯಾಗಿ ಉಳಿಯಿತು.

ಇಸ್ಪೀಟಿನ ರಾಜ ರಾಣಿಯರ ಚಿತ್ರ ಬರೆಯುವ ಹುಡುಗಿ, ಎಲ್ಲರೂ ಚಿತ್ರದವಳು ಎಂದೇ ಕರೆಯುವವಳು, ತಲೆಯೆತ್ತದೆ ಹೇಳಿದಳು: "ಹುಟ್ಟುಗುಣ ಸುಟ್ಟರೂ ಹೋಗಲ್ಲ ಮೇಷ್ಟ್ರೇ."

"ಇದಕ್ಕೆ ಹುಟ್ಟೇ ಇಲ್ಲ. ಇನ್ನು ಸುಡೋದು ಎಲ್ಲಿ?"

"ಹಾಗಾದ್ರೆ ಸಹವಾಸದೋಷ."

ಮೇಷ್ಟ್ರು ನಗಲಿಲ್ಲ. ಮೇಷ್ಟ್ರು ಅನ್ನುವುದು ಅವನಿಗೆ ಚಿತ್ರದವಳೇ ಇಟ್ಟ ಹೆಸರು. ಪೋಕರ್ ಆಡುವ ಪ್ರೋಗ್ರಾಮುಗಳಿಗೆ ಪಾಠ ಹೇಳುವುದು ಅವನ ಕೆಲಸ. ಹೊಸದಾಗಿ ಆಟ ಕಲಿಯುವವರು ತಮ್ಮ ತಮ್ಮ ಮನೆಗಳಿಂದಲೇ ಬಂದು ಕೂರುವ ಮೇಜುಗಳು ಕಂಪನಿಯ ಜಾಲತಾಣದಲ್ಲಿದ್ದವು; ಕಾಸಿನ ವ್ಯವಹಾರವಿಲ್ಲದ, ಬರೀ ಬಣ್ಣದ ಬಿಲ್ಲೆಗಳ ಮೇಜುಗಳು. ಅಲ್ಲಿ ಅವರ ಎದುರು ಕೂರುವುದು ಈ ಪ್ರೋಗ್ರಾಮುಗಳು. ಯಂತ್ರದ ಹಾಗೆ ಆಡಿದರೆ ಜನ ಎದ್ದು ಹೋಗುತ್ತಾರೆಂದು ಒಂದೊಂದಕ್ಕೂ ಆ ತಾಣದಲ್ಲಿ ಹಿಂದೆ ಆಡುತ್ತಿದ್ದ ಒಬ್ಬೊಬ್ಬ ಮನುಷ್ಯನ ಆಟವನ್ನು ಉಣಿಸಿದ್ದರು. ಆಮೇಲೆ ಅವು ತಮ್ಮತಮ್ಮಲ್ಲೇ ಆಡಿಕೊಂಡು, ಸೋಲಿಸಿದ್ದನ್ನು ಬಿಟ್ಟು, ಗೆಲ್ಲಿಸಿದ್ದನ್ನು ಹಿಡಿದು ಬೆಳೆಯಬೇಕು. ಆ ಮನುಷ್ಯರು ಇಟ್ಟುಕೊಂಡಿದ್ದ ಆಟದ ಹೆಸರುಗಳೇ ಪ್ರೋಗ್ರಾಮುಗಳಿಗೂ ಉಳಿದಿದ್ದವು. ಒಂದರ ಹೆಸರು ಸಿಡಿಲು. ಒಂದರ ಹೆಸರು ಸೋದರಮಾವ. ಈಗ ಮೇಷ್ಟರ ತಲೆ ತಿನ್ನುತ್ತಿದ್ದುದರ ಹೆಸರು ಹಳೇ ಕೊಡೆ.

"ಕೊನೇ ಎಲೆ ಬೀಳತ್ತೆ," ಮೇಷ್ಟ್ರು ಈಗ ಚಿತ್ರದವಳಿಗೆ ಹೇಳುತ್ತಿದ್ದ. "ಕೈಯಲ್ಲಿ ಏನೂ ಇರಲ್ಲ, ಬರೀ ಕಸ. ಸುಮ್ನೆ ಎಲೆ ಕೆಳಗಿಟ್ಟು ಪ್ಯಾಕ್ ಅನ್ನಬಹುದಲ್ವಾ? ಇಲ್ಲ. ತಡೆಯತ್ತೆ. ದೇವರ ಮುಂದೆ ನಿಂತ ಹಾಗೆ ತಡೆಯತ್ತೆ. ಆಮೇಲೆ ಇದ್ದಬದ್ದ ಬಿಲ್ಲೆ ಎಲ್ಲಾ ಮುಂದಕ್ಕೆ ತಳ್ಳತ್ತೆ. ಎದುರಿನೋರು 'ತೋರಿಸು' ಅಂತಾರೆ. ಸೋಲತ್ತೆ. ಮತ್ತೆ ಅದನ್ನೇ ಮಾಡತ್ತೆ. ಸೋತು ಸೋತೂ ಬುದ್ಧಿ ಬರದೇ ಇರೋಕೆ ಇದೇನು ಮನುಷ್ಯನಾ?"

ಅವಳು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. ಬಿಲ್ಲೆ ತಳ್ಳುವ ಮೊದಲಿನ ಆ ತಡೆತ ಎಷ್ಟು ಉದ್ದ ಎಂದು ಮೇಷ್ಟ್ರು ಅಳೆದು ಹೇಳಬಲ್ಲ. ಆದರೆ ಅದರೊಳಗೆ ಏನಿದೆಯೆಂದು ಅವನಿಗೆ ಹೇಗೆ ಗೊತ್ತಾಗಬೇಕು? ಅವಳನ್ನು ಈ ಕೆಲಸಕ್ಕೆ ತೆಗೆದುಕೊಂಡದ್ದೇ ತಡೆತದ ದೆಸೆಯಿಂದ. ಬರಿಯ ಮನೆವಾರ್ತೆ ಮಾಡಿಕೊಂಡಿದ್ದ, ಕಂಪ್ಯೂಟರಿನ ಬಗ್ಗೆ ಏನೇನೂ ಓದದ ಹೆಂಗಸನ್ನು ಕೂರಿಸಿ, ಕೆಲವು ಮೇಜು ತೋರಿಸಿ, ಇದರಲ್ಲಿ ಮನುಷ್ಯರು ಯಾರು ಯಂತ್ರ ಯಾವುದು ಹೇಳಿ ಎಂದಿದ್ದರು. ಅವಳು ಒಂದೂ ತಪ್ಪದೆ ಹೇಳಿದಾಗ ಕಂಪನಿಯ ಯಜಮಾನರು ಹುಬ್ಬೇರಿಸಿ, ಹೇಗಮ್ಮಾ ಎಂದರು. ತಡೆಯೋದರಲ್ಲಿ ಗೊತ್ತಾಗುತ್ತೆ ಎಂದಳು. ಅವತ್ತಿನಿಂದ ದಿನವಿಡೀ ಆ ಮೇಜುಗಳಲ್ಲಿ ಕೂತು ಆಡುವುದು, ಯಾವುದು ಯಂತ್ರದ ವಾಸನೆ ಹೊಡೆಯುತ್ತದೆಂದು ಹೇಳುವುದು ಅವಳ ಕೆಲಸ. ಹಳೇ ಕೊಡೆಯ ಮೇಜನ್ನು ಹುಡುಕಿಕೊಂಡೇ ಅವಳು ಆ ಮೆಟ್ಟಿಲು ಹತ್ತಿ ಬಂದದ್ದೆಂದು ಯಾರಿಗೂ ಹೇಳಿರಲಿಲ್ಲ.

ತಡೆತವನ್ನು ಕೇಳುವುದು ಅವಳು ಅಪ್ಪನಿಂದ ಕಲಿತದ್ದು, ಅಪ್ಪ ಕಲಿಸಿದ್ದಲ್ಲ. ಅಪ್ಪ ಹಜಾರದಲ್ಲಿ ಕೂತು ಕಾವ್ಯ ಓದುತ್ತಿದ್ದ. ಓದುವುದೇನು, ಹಾಡುವುದು. ಪುಸ್ತಕ ಎದುರಿಗಿದ್ದರೂ ಕಣ್ಣು ಮುಚ್ಚಿರುತ್ತಿತ್ತು. ಬೀದಿಯ ಆಚೀಚೆಯವರು ಬಂದು ಗೋಡೆಗೊರಗಿ ಕೂರುತ್ತಿದ್ದರು. ಅಪ್ಪ ಸಾಲಿನ ನಡುವೆ ನಿಲ್ಲಿಸಿದಾಗ ಕೇಳುವವರೆಲ್ಲ ಆಹಾ ಎಂದು ತಲೆದೂಗುವರು. ಕಂಬದ ಹಿಂದೆ ಕೂತ ಅವಳಿಗೆ ಮಾತ್ರ ಗೊತ್ತಿತ್ತು, ಅಪ್ಪನ ನಿಲುಗಡೆಗಳಲ್ಲಿ ಎರಡು ಬಗೆಯೆಂದು. ಒಂದು, ಮುಂದಿನ ಪದ ನಾಲಗೆಯ ಮೇಲೆ ಬಂದು ಕೂತಿದ್ದರೂ ಬೇಕೆಂದೇ ಕಾಯಿಸುವುದು. ಆಗ ಉಸಿರು ಮೇಲಿರುತ್ತದೆ. ಇನ್ನೊಂದು, ಪದ ಮರೆತುಹೋಗಿ ರಾಗವನ್ನು ಎಳೆಯುವುದು. ಆಗ ಉಸಿರು ಕೆಳಗೆ, ಹೊಟ್ಟೆಯಲ್ಲೆಲ್ಲೋ ತಡಕಾಡುತ್ತದೆ. ಆ ಎರಡನೆಯದು ಬಂದಾಗ ಅವಳು ತಲೆ ತಗ್ಗಿಸಿ ನೆಲದ ಗೆರೆ ನೋಡುತ್ತಿದ್ದಳು. ತನಗೆ ಗೊತ್ತಾಯಿತೆಂದು ಅಪ್ಪನಿಗೆ ಗೊತ್ತಾಗಬಾರದು. ಒಂದು ಸಂಜೆ 'ದಡದಾಚೆ ಕರೆದವನ ದನಿಯೀಚೆ ಬಾರದೆ' ಎಂದು ಅಪ್ಪ ನಿಂತ. ರಾಗ ಎಳೆದ. ಇನ್ನೂ ಎಳೆದ. ಚಿಕ್ಕಪ್ಪ, ಪಾಪ, ಒಳ್ಳೆಯ ಮನಸ್ಸಿನಿಂದಲೇ, 'ನಡುನೀರಿನಲಿ ನಿಂದು' ಎಂದು ಹೇಳಿಕೊಟ್ಟುಬಿಟ್ಟ. ಅಪ್ಪ ಕಣ್ಣು ತೆರೆದು, ಹೌದು ಹೌದು, ನಡುನೀರಿನಲಿ, ಎಂದು ನಕ್ಕ. ಆ ನಗುವನ್ನು ನೋಡಬಾರದಿತ್ತು. ಓದು ಮುಗಿಯುವವರೆಗೂ ಅಪ್ಪ ಆಮೇಲೆ ಒಂದು ಕಡೆಯೂ ನಿಲ್ಲಿಸಲಿಲ್ಲ. ಬಸ್ಸು ತಪ್ಪಿಹೋಗುತ್ತದೆಂಬಂತೆ ಓದಿ ಮುಗಿಸಿದ.

ಬಸ್ಸು ಹೊರಟಿತು. ಕಿಟಕಿಯ ಗಾಜು ಸಣ್ಣಗೆ ನಡುಗಿ ಸುಮ್ಮನಾಯಿತು. ಅಷ್ಟು ಹೊತ್ತು ಖಾಲಿ ನಿಲ್ದಾಣದಲ್ಲಿ ನಿಲ್ಲಬೇಕೆಂದು ಅದಕ್ಕೆ ಬರೆದಿಟ್ಟವರು ಇವಳ ಮನೆಯವರೇ ಇರಬಹುದು. ಬಸ್ಸುಗಳ ವೇಳಾಪಟ್ಟಿ ತಯಾರಿಸುವ ಕಚೇರಿಯಲ್ಲಿ ಅವರ ಜೀವಮಾನ ಕಳೆದಿತ್ತು. ಯಾವ ನಿಲ್ದಾಣದಲ್ಲಿ ಎಷ್ಟು ಹೊತ್ತು ನಿಲ್ಲಿಸಬೇಕೆಂದು ಅವರು ಅಲ್ಲಿ ಜಗಳವಾಡಿ ಮನೆಗೆ ಬಂದು ಮತ್ತೆ ಅದನ್ನೇ ಇವಳೊಡನೆ ವಾದಿಸುತ್ತಿದ್ದರು. ಓಡಿ ಬರೋನು ಒಬ್ಬ ಇದ್ದೇ ಇರ್ತಾನೆ ಕಣೇ, ಅವನಿಗಾಗಿ ನಿಲ್ಲಬೇಕು. ಯಾರು ಓಡಿ ಬರ್ತಾರ್ರೀ ಆ ಹೊತ್ತಲ್ಲಿ? ಬರ್ತಾನೆ, ನಿಂಗೊತ್ತಿಲ್ಲ. ಆ ಜಗಳಗಳಲ್ಲಿ ಸೋತು ಬಂದ ದಿನ ಇಸ್ಪೀಟಿನ ಕಟ್ಟು ಹೊರಗೆ ಬರುತ್ತಿತ್ತು. ಅಡುಗೆಮನೆಯ ಮೇಜಿನ ಮೇಲೆ, ಕೊಯ್ದಿಟ್ಟ ತರಕಾರಿಯನ್ನು ಪಕ್ಕಕ್ಕೆ ತಳ್ಳಿ, ಅಂಗಿಯ ಗುಂಡಿಗಳನ್ನೇ ಬಿಲ್ಲೆ ಮಾಡಿಕೊಂಡು ಇಬ್ಬರೇ ಆಡುವುದು. ಕೊನೆಯ ಎಲೆ ಬಿದ್ದ ಮೇಲೆ ಅವರು ತಡೆಯುತ್ತಿದ್ದರು. ಉಸಿರು ಹೊಟ್ಟೆಗಿಳಿಯುತ್ತಿತ್ತು. ಅಪ್ಪನದೇ ಉಸಿರು. ಅವಳು ತನ್ನ ಕೈಯಲ್ಲಿ ಏನೇ ಇರಲಿ, ಮೇಜಿನ ಮೇಲಿನ ಗೆರೆ ನೋಡುತ್ತ, ಅಯ್ಯೋ ನಂಗೆ ಬೇಡಪ್ಪ ಎಂದು ಎಲೆ ಕೆಳಗಿಡುತ್ತಿದ್ದಳು. ಅವರ ಮುಖ ಅರಳುತ್ತಿತ್ತು. ಬೋಣಿಗೆಯಾದ ಅಂಗಡಿಯವನ ಹಾಗೆ ಗುಂಡಿಗಳನ್ನು ಬಾಚಿಕೊಂಡು, ತಮ್ಮ ಎಲೆಗಳನ್ನು ಅವಳಿಗೆ ತೋರಿಸದೆ ಕಟ್ಟಿನೊಳಗೆ ಸೇರಿಸಿ ಕಲಸಿಬಿಡುತ್ತಿದ್ದರು. 'ಹಳೇ ಕೊಡೆ ಅಂದ್ಕೊಂಡ್ಯಾ? ಬಿಚ್ಚಿದ್ರೆ ಗೊತ್ತಾಗುತ್ತೆ.' ಅವರ ಕೊಡೆಗೆ ಒಂದು ಕಡ್ಡಿ ಮುರಿದಿತ್ತು. ಅದನ್ನು ಎಸೆಯಲೂ ಬಿಡದೆ ರಿಪೇರಿಗೂ ಕೊಡದೆ ಬಾಗಿಲ ಹಿಂದೆ ಇಟ್ಟುಕೊಂಡಿದ್ದರು.

ಊಟದ ಹೊತ್ತಾಯಿತೆಂದು ಚಿತ್ರದವಳು ಎದ್ದಳು. "ಬರಲ್ವಾ ಅಕ್ಕ? ದಿನಾ ಒಬ್ರೇ ಕೂತು ಏನು ಮಾಡ್ತೀರ, ಆ ಕೊಡೆ ಜೊತೆ?" ಕಣ್ಣು ಮಿಟುಕಿಸಿದಳು. ತಮಾಷೆ. ಬರೀ ತಮಾಷೆ. ಆದರೂ ಅವಳ ಕಿವಿಯ ತುದಿ ಬಿಸಿಯಾಯಿತು. ಈ ವಯಸ್ಸಿನಲ್ಲಿ, ಕದ್ದು ಯಾರನ್ನೋ ನೋಡಲು ಹೋಗಿ ಸಿಕ್ಕಿಬಿದ್ದವಳಂತೆ. ನೀನು ನಡಿ ಎಂದಳು. ಮೇಷ್ಟ್ರೂ ಹೋದ. ಕೋಣೆ ಖಾಲಿಯಾದ ಮೇಲೆ ಅವಳು ದಿನದಂತೆ ಕನ್ನಡಕ ಒರೆಸಿಕೊಂಡಳು, ಸೆರಗು ಸರಿಮಾಡಿಕೊಂಡಳು, ಇದ್ಯಾಕೆ ಸರಿಮಾಡಿಕೊಂಡೆ ಎಂದು ನಾಚಿದಳು, ಆಮೇಲೆ ಪರದೆಯಲ್ಲಿ ಹಳೇ ಕೊಡೆಯ ಮೇಜಿಗೆ ಹೋಗಿ ಕೂತಳು. ಹಸಿರು ಬಟ್ಟೆಯ ಚಿತ್ರ, ಅದರಾಚೆ ಒಂದು ಖಾಲಿ ಕುರ್ಚಿಯ ಚಿತ್ರ, ಕುರ್ಚಿಯ ಕೆಳಗೆ ಹೆಸರು. ಎಲೆ ಬಿತ್ತು. ಅವಳು ಒಂದಿಷ್ಟು ಬಿಲ್ಲೆ ಇಟ್ಟಳು, ಅದೂ ಇಟ್ಟಿತು. ಒಳ್ಳೆಯ ಎಲೆಗೆ ಅವಸರ, ಕೆಟ್ಟ ಎಲೆಗೆ ಸಣ್ಣದೊಂದು ತಡವರಿಕೆ, ಎಲ್ಲ ಅವರದೇ. ಹಾದಿಯಲ್ಲಿ ಮುಂದೆ ಹೋಗುತ್ತಿರುವ ಯಾರದೋ ಬೆನ್ನು ಪರಿಚಯದ್ದೆನಿಸಿ ಹೆಜ್ಜೆ ಜೋರು ಮಾಡುವಂತೆ ಅವಳ ಬೆರಳು ಓಡಿತು. ಕೊನೆಯ ಎಲೆ ರಾಣಿ. ಅವಳ ಕೈಯಲ್ಲಿ ಇನ್ನೆರಡು ರಾಣಿಯರು. ಆಚೆಯ ಕುರ್ಚಿ ತಡೆಯಿತು.

ಇದೊಂದಕ್ಕಾಗಿಯೇ ಅವಳು ಬೆಳಿಗ್ಗೆ ಏಳುತ್ತಿದ್ದಳು. ಹಲ್ಲುಜ್ಜುತ್ತಿದ್ದಳು. ನಾದಿನಿ ಫೋನು ಮಾಡಿ, ಅತ್ತಿಗೆ ಒಬ್ರೇ ಇರಬೇಡಿ, ನಮ್ಮನೆಗೆ ಬಂದ್ಬಿಡಿ ಎಂದರೆ, ಕೆಲಸ ಇದೆಯಲ್ಲಮ್ಮಾ ಎನ್ನುತ್ತಿದ್ದಳು. ಆ ನಾದಿನಿಯ ಮನೆಯಲ್ಲೇ ಒಮ್ಮೆ ಅವರು, ಎಂಟು ಹತ್ತು ಜನ ನೆರೆದಿದ್ದಾಗ, ಇಸ್ಪೀಟಿನಲ್ಲಿ, ತಮಗೆ ಗೆದ್ದು ಗೆದ್ದು ಅಭ್ಯಾಸವಾಗಿದ್ದ ಹಾಗೆಯೇ ತಡೆದು ಎಲ್ಲವನ್ನೂ ಮುಂದಕ್ಕೆ ತಳ್ಳಿದ್ದರು. ನಾದಿನಿಯ ಗಂಡ ತೊಡೆ ತಟ್ಟಿ, "ತೋರಿಸಿ ಭಾವ, ತೋರಿಸಿ! ನಿಮ್ಮ ಮುಖದಲ್ಲೇ ಬರೆದಿದೆಯಲ್ಲ!" ಎಂದಿದ್ದ. ಅವರು ಎಲೆ ತಿರುಗಿಸಿದರು. ಎಲ್ಲರೂ ನಕ್ಕರು, ಅವರೂ ನಕ್ಕರು. ನಗುತ್ತ ಇವಳ ಕಡೆ ಒಮ್ಮೆ ನೋಡಿದರು. ಮನೆಗೆ ಬರುವ ದಾರಿಯಲ್ಲಿ, ಈ ಕೈ ನಿನ್ನ ಹತ್ರ ಆಗಿದ್ರೆ ಗೆಲ್ತಿದ್ದೆ, ಎಂದರು. ಅವಳು ಹೂಂ ಎಂದಳು. ಹೂಂ ಎನ್ನದೆ ಏನನ್ನಬೇಕಿತ್ತು? ತಾನು ಕೊಟ್ಟ ಖೋಟಾ ನಾಣ್ಯವನ್ನು ನಂಬಿ ಮಗು ಅಂಗಡಿಗೆ ಹೋಗಿ ಬೈಸಿಕೊಂಡು ಬಂದರೆ ತಾಯಿಗೆ ಹೇಗನಿಸೀತು? ಆಮೇಲೆ ಅವರು ಜನರೆದುರು ಆಡುವುದನ್ನು ಬಿಟ್ಟು ಈ ತಾಣದ ಮೇಜುಗಳಲ್ಲಿ, ಮುಖ ಕಾಣದ ಕಡೆ, ಹಳೇ ಕೊಡೆ ಎಂಬ ಹೆಸರಿನಲ್ಲಿ ಆಡತೊಡಗಿದರು. ಅವರು ಹೋದ ಮೇಲೂ ಅದೇ ಹೆಸರು ಅಲ್ಲಿ ಆಡುತ್ತಿದೆಯೆಂದು ಕಂಡೇ ಅವಳು ಈ ಕೆಲಸ ಹುಡುಕಿ ಬಂದದ್ದು. ಅಲ್ಲಿಯೂ ಸೋಲುತ್ತಿದ್ದಿರಬೇಕೆಂದು ಅವಳಿಗೆ ಇವತ್ತಷ್ಟೇ, ಮೇಷ್ಟರ ಗೊಣಗಾಟದಿಂದ, ಹೊಳೆದಿತ್ತು. ಅವರು ಒಂದು ದಿನವೂ ಹೇಳಿರಲಿಲ್ಲ.

ಆಚೆಯ ಕುರ್ಚಿ ಎಲ್ಲ ಬಿಲ್ಲೆಗಳನ್ನು ಮುಂದಕ್ಕೆ ತಳ್ಳಿತು. ಅವಳು ತುಟಿಯಲ್ಲೇ, ಅಯ್ಯೋ ನಂಗೆ ಬೇಡಪ್ಪ, ಎಂದುಕೊಂಡು ಪ್ಯಾಕ್ ಒತ್ತಿದಳು.

"ಮೂರು ರಾಣಿ ಇಟ್ಕೊಂಡು."

ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಟೀ ಲೋಟ. ಎಷ್ಟು ಹೊತ್ತಿನಿಂದ ನಿಂತಿದ್ದನೋ. "ಕಲಿಯೋಕೆ ಬಂದ ಮಗುನೂ ಹೀಗೆ ಮಾಡಲ್ಲ ಅಕ್ಕ."

ಅವಳು ಪರದೆಯನ್ನು ಕೈಯಿಂದ ಮರೆಮಾಡಲು ಹೋದಳು. ಅಂಗೈ ಅಷ್ಟು ದೊಡ್ಡದಿರಲಿಲ್ಲ. ಮೇಷ್ಟ್ರು ಚಿತ್ರದವಳ ಕುರ್ಚಿಯನ್ನು ಎಳೆದುಕೊಂಡು ಪಕ್ಕದಲ್ಲಿ ಕೂತ. ಬೈಯುತ್ತಾನೆಂದುಕೊಂಡಳು, ಅವನು ಲೋಟವನ್ನು ಅವಳ ಕಡೆಗೆ ಸರಿಸಿದ. ಅದು ಬೈಗುಳಕ್ಕಿಂತ ಹೆಚ್ಚು ನಾಟಿತು.

"ಬೆಳಿಗ್ಗೆಯಿಂದ ತಲೆ ಕೆಡಿಸ್ಕೊಂಡಿದೀನಿ. ಆ ಮನುಷ್ಯನ ಹಳೇ ಆಟ ಎಲ್ಲಾ ತೆಗೆದು ನೋಡಿದೆ. ಈ ತಡೆಯೋ ಆಟ ಆಡಿದಾಗೆಲ್ಲ ಸೋತಿದಾನೆ. ಇಲ್ಲಿ ಒಂದ್ಸಲನೂ ಗೆದ್ದಿಲ್ಲ. ಸೋತು ಸೋತು ಯಾರೂ ಒಂದು ಆಟ ಕಲಿಯಲ್ಲ. ಬೇರೆ ಎಲ್ಲೋ ಗೆದ್ದಿರಬೇಕು. ಎಲ್ಲೋ ಯಾರೋ ಒಬ್ರು, ಅವನು ತಡೆದಾಗೆಲ್ಲ ಪ್ಯಾಕ್ ಮಾಡ್ಕೊಂಡೇ ಬಂದಿದಾರೆ." ಅವನು ತಡೆದ. ಅವನದು ಮೊದಲ ಬಗೆಯ ನಿಲುಗಡೆ; ಪದ ನಾಲಗೆಯ ಮೇಲಿತ್ತು. "ಸರಿ, ಅದು ಆಗಿನ ಮಾತು. ಈಗ್ಯಾಕೆ ಇದು ಆ ಚಾಳಿ ಬಿಡ್ತಿಲ್ಲ? ಪರೀಕ್ಷೆ ಮಾಡೋರ ಆಟಕ್ಕೆ ನಾನು ಹೆಚ್ಚು ತೂಕ ಇಟ್ಟಿದೀನಿ. ಬೇರೆಯೋರ ಹತ್ರ ಎಷ್ಟು ಸೋತರೂ ನಿಮ್ಮ ಹತ್ರ ಒಂದ್ಸಲ ಗೆದ್ದರೆ ಸಾಕು, ಇದು ಸರಿ ಅನ್ಕೊಂಡ್ಬಿಡತ್ತೆ. ದಿನಾ ಮಧ್ಯಾಹ್ನ ನೀವು ಇದಕ್ಕೆ ಅದನ್ನೇ ಕಲಿಸ್ತಾ ಇದೀರ."

ಕೆಳಗೆ ಹೊಲಿಗೆ ಯಂತ್ರ ಓಡತೊಡಗಿತು.

"ಪರಿಚಯದೋರಾ ಅಕ್ಕ?"

"ಮನೇಲಿದ್ದೋರು," ಎಂದಳು.

ಮೇಷ್ಟ್ರು ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿದ. ಆಮೇಲೆ, ಹಿರಿಯರೊಡನೆ ಮಾತಾಡುವ ದನಿಯಲ್ಲಲ್ಲ, ಕಾಯಿಲೆಯವರೊಡನೆ ಮಾತಾಡುವ ದನಿಯಲ್ಲಿ ಹೇಳಿದ: "ಸಂಜೆ ಯಜಮಾನರಿಗೆ ನಾನು ಹೇಳ್ಬೇಕು. ಸರಿಹೋಗ್ತಿದೆ ಅಂದ್ರೆ ಇಟ್ಕೋತಾರೆ. ಇಲ್ಲಾಂದ್ರೆ ಅಳಿಸಿಬಿಡು ಅಂತಾರೆ. ಕುರ್ಚಿ ಬೇರೆ ಯಾವುದಕ್ಕೋ ಕೊಡ್ತಾರೆ. ನೀವೊಂದು ಕೆಲಸ ಮಾಡಿ. ಈಗ ನಾನಿಲ್ಲೇ ಕೂತಿರ್ತೀನಿ. ಮುಂದಿನ ಸಲ ಅದು ತಡೆದು ತಳ್ಳಿದಾಗ 'ತೋರಿಸು' ಅನ್ನಿ. ನಾನು ಹೇಳಿದ್ರೆ ಕಲಿಯಲ್ಲ, ನೀವಂದ್ರೆ ಕಲಿಯತ್ತೆ. ಯಾಕಂದ್ರೆ ಅದು ನಂಬಿರೋದು ನಿಮ್ಮನ್ನ. ಉಳಿದದ್ದೆಲ್ಲ ಹಾಗೇ ಇರತ್ತೆ ಅಕ್ಕ. ಆ ಅವಸರ, ಆ ತಡವರಿಕೆ, ಎಲ್ಲಾ. ಇದೊಂದು ಹೋಗತ್ತೆ ಅಷ್ಟೆ."

ಇದೊಂದು. ಅವಳು ತಲೆಯಾಡಿಸಿದಳು, ಒಪ್ಪಿದಳೆಂದುಕೊಂಡು ಮೇಷ್ಟ್ರು ಹೊಸ ಆಟ ಶುರುಮಾಡಿದ. ಎಲೆ ಬಿತ್ತು. ಉಳಿಯುವುದಾದರೆ ಉಳಿಯಲಿ. ಒಂದು ಹಲ್ಲು ಕಿತ್ತರೆ ಮುಖ ಬೇರೆಯವರದಾಗುತ್ತದೆಯೆ? ಅವಳು ಬಿಲ್ಲೆ ಇಟ್ಟಳು. ಅದೂ ಇಟ್ಟಿತು. ಅವರು ಹೊರಗೆ ಓಡಾಡಲಾರದೆ ಹೋದ ಮೇಲೂ ಇಸ್ಪೀಟಿನ ಕಟ್ಟನ್ನು ದಿಂಬಿನ ಪಕ್ಕ ಇಟ್ಟುಕೊಂಡಿದ್ದರು. ಹಾಸಿಗೆಯ ಮೇಲೆಯೇ ಆಟ; ಹೊದಿಕೆಯ ಏರುತಗ್ಗುಗಳಲ್ಲಿ ಗುಂಡಿಗಳು ಉರುಳಿಹೋಗುತ್ತಿದ್ದವು. ಒಂದು ಮಧ್ಯಾಹ್ನ ಕೊನೆಯ ಎಲೆ ಬಿದ್ದ ಮೇಲೆ ಅವರು ತಡೆದರು. ಆವರೆಗೆ ಯಾವತ್ತೂ ತಡೆಯದಷ್ಟು ಹೊತ್ತು ತಡೆದು, ಎಲ್ಲ ಗುಂಡಿಗಳನ್ನೂ ಅಂಗೈಯಿಂದ ನೂಕಿದರು. ಅವಳು ಹೊದಿಕೆಯ ಗೆರೆ ನೋಡುತ್ತ ಎಲೆ ಕೆಳಗಿಟ್ಟಳು. ಈ ಸಲ ಅವರ ಮುಖ ಅರಳಲಿಲ್ಲ. ಗುಂಡಿಗಳನ್ನು ಬಾಚಿಕೊಳ್ಳಲೂ ಇಲ್ಲ. ಕೈಯ ಎಲೆಗಳನ್ನು ಎದೆಯ ಮೇಲೆ ಬೋರಲು ಮಾಡಿ ಇಟ್ಟುಕೊಂಡು, ಸೂರು ನೋಡುತ್ತ, "ಒಂದ್ಸಲನಾದ್ರೂ ಕೇಳಬಹುದಿತ್ತು ಕಣೇ ನೀನು," ಎಂದರು. ಏನನ್ನು ಎಂದು ಅವಳು ಕೇಳಲಿಲ್ಲ. ಔಷಧಿ ತರಲು ಎದ್ದು ಹೋದಳು. ಬರುವಷ್ಟರಲ್ಲಿ ಎಲೆಗಳು ಕಟ್ಟಿನೊಳಗೆ ಸೇರಿಹೋಗಿದ್ದವು. ಅಂದರೆ ಅವರಿಗೆ ಮೊದಲಿನಿಂದಲೂ ಗೊತ್ತಿತ್ತೆ? ಅಥವಾ ಆ ಎಲ್ಲ ವರ್ಷ ಅವರ ಕೈಯಲ್ಲಿ ನಿಜವಾಗಿಯೂ ಏನೋ ಇತ್ತೆ, ಉಸಿರು ಕೇಳಿ ತಿಳಿದೆನೆಂದು ತಾನು ಬೀಗಿದ್ದೇ ಸುಳ್ಳೆ? ಯಾವ ಸಲವೂ ನೋಡಿದವಳಲ್ಲ. ಯಾರೋ ಓಡಿ ಬರುತ್ತಾರೆಂದು ಬಸ್ಸು ನಿಲ್ಲಿಸಿಕೊಂಡು ಕಾದವರು. ತಾನು ನಿಲ್ದಾಣದಲ್ಲೇ ನಿಂತು, ಹೋಗಲಿ ಪಾಪ, ಹೋಗಲಿ ಎಂದು ಕೈಬೀಸುತ್ತಿದ್ದಳೆ?

"ಬಂತು ಅಕ್ಕ," ಎಂದ ಮೇಷ್ಟ್ರು ಪಿಸುದನಿಯಲ್ಲಿ.

ಕೊನೆಯ ಎಲೆ ಬಿದ್ದಿತ್ತು. ಆಚೆಯ ಕುರ್ಚಿ ತಡೆಯಿತು. ಅವಳು ಕಣ್ಣು ಮುಚ್ಚಿ, ಕಂಬದ ಹಿಂದೆ ಕೂತವಳಂತೆ ಕಿವಿಗೊಟ್ಟಳು. ಹೊಟ್ಟೆಗಿಳಿದ ಉಸಿರು ಅಲ್ಲಿತ್ತು, ತಡಕಾಡುತ್ತಿತ್ತು. ಇಷ್ಟು ದಿನ ಕೇಳಿದ ಅದೇ ಉಸಿರು. ಎದೆ ನೋಯತೊಡಗಿದಾಗ ಅವಳಿಗೆ ಗೊತ್ತಾಯಿತು, ಬಿಗಿಹಿಡಿದದ್ದು ತನ್ನದೇ ಉಸಿರೆಂದು. ಅದನ್ನು ಬಿಟ್ಟಳು. ಪರದೆಯಾಚೆ ಏನೂ ಇರಲಿಲ್ಲ; ಉದ್ದ ಮಾತ್ರ ಇತ್ತು. ಆ ಉದ್ದ ಎಷ್ಟು ಸರಿಯಾಗಿ ಅವರದಾಗಿತ್ತೆಂದರೆ ಅವಳಿಗೆ ಅದರ ಮೇಲೆ ಕೈಯಾಡಿಸಬೇಕೆನಿಸಿತು. ಬಿಲ್ಲೆಗಳೆಲ್ಲ ಮುಂದಕ್ಕೆ ಬಂದವು. ಎರಡು ಎಲೆಗಳು ಬೋರಲಾಗಿ, ಬೆನ್ನು ಮೇಲೆ ಮಾಡಿಕೊಂಡು, ಕಾದವು. 'ತೋರಿಸು' ಎಂದು ಬರೆದ ಗುಂಡಿಯ ಮೇಲೆ ಅವಳ ಬೆರಳಿತ್ತು. ಒತ್ತಿದರೆ ತಿರುಗುತ್ತವೆ. ಕಸವೋ, ಕಸವಲ್ಲವೋ, ಏನೋ ಒಂದು ಕಾಣುತ್ತದೆ. ಕೇಳಬಹುದಿತ್ತು ಎಂದವರು ಕೇಳಿಸಿಕೊಳ್ಳಲು ಇಲ್ಲದ ಕಡೆ, ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಒಂದು ಕುರ್ಚಿ.

"ಅನ್ನಿ ಅಕ್ಕ. ಒಂದೇ ಒಂದ್ಸಲ. ಉಳ್ಕೊಳ್ಳತ್ತೆ."

ಅವಳು ಬೆರಳನ್ನು ಎತ್ತಿ ಮಡಿಲಿಗೆ ತಂದುಕೊಂಡಳು. ಪ್ಯಾಕ್ ಎಂಬ ಗುಂಡಿಯನ್ನೂ ಒತ್ತಲಿಲ್ಲ. ಈ ಸಲ ಗೆರೆ ನೋಡಲಿಲ್ಲ. ಮೇಷ್ಟರ ಮುಖವನ್ನೇ ನೋಡಿದಳು.

"ಇಲ್ಲ ಕಣಪ್ಪ," ಎಂದಳು. "ಕೇಳಬೇಕಿದ್ದದ್ದು ಅವರನ್ನ. ನಾನು ಇದನ್ನ ಕೇಳಲ್ಲ."